ಹೆರಿಗೆಗೆ ಹಣವಿದೆ, ಬಾಣಂತನಕ್ಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಗೆ ಸರ್ಕಾರ ವರ್ಷವರ್ಷವೂ ಕೊಡುವ ಹಣದಿಂದ ಹಳ್ಳಿಯ ಜನರಿಗಾಗಲಿ ಸಣ್ಣ ಕೈಗಾರಿಕೆಗಳಿಗಾಗಲಿ ದಕ್ಕಿದ್ದೇನು ಎಂದು ಓದುಗರೊಬ್ಬರು ತಮ್ಮ ಪತ್ರಿಕೆಯ ಈ ಅಂಕಣದಲ್ಲಿ ಕೇಳಿದ್ದರು. ಕೇಳಿದ ಧಾಟಿಯಲ್ಲೇ ‘ಏನೂ ಇಲ್ಲ’ ಎಂಬ ಉತ್ತರವೂ ಇತ್ತು. ಕುಣಿಗಲ್ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನಲ್ಲಿ 34 ವರ್ಷ ದುಡಿದು ನಿವೃತ್ತನಾದ ನನಗೆ ಆ ಪ್ರಶ್ನೆಯ ಎರಡೂ ತುದಿಗಳು ಅಷ್ಟಿಷ್ಟು ಗೊತ್ತು. ದಕ್ಕಿದ್ದು ಬೇಕಾದಷ್ಟಿದೆ. ದಕ್ಕಿದ ಮೇಲೆ ಕೈಜಾರಿ ಹೋದದ್ದೂ ಬೇಕಾದಷ್ಟಿದೆ. ಯಾವುದು ಉಳಿಯಿತು, ಯಾವುದು ಜಾರಿತು ಎಂಬುದಕ್ಕೆ ನನಗೊಂದು ಕಾರಣ ಕಾಣುತ್ತದೆ. ಪತ್ರ ತುಸು ದೀರ್ಘವಾದರೂ ಅದನ್ನು ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಮೊದಲಿಗೆ ನಮ್ಮ ತಾಯಿಯ ಒಲೆಯ ವಿಷಯ. ಬಸ್ಸಿನ ಕಂಡಕ್ಟರುಗಳು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕೂಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದ ಪದ ಅದು. ಅದರ ಹಿಂದೆ ಇದ್ದವರು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ; ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅವರು ಸೌದೆ, ಸಗಣಿ, ಮಣ್ಣಿನ ಕಡೆಗೆ ತಿರುಗಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ತಂಡದ ವಿಸ್ತರಣಾ ಕೇಂದ್ರವಿತ್ತು. ಹಳ್ಳಿಯ ಮನೆಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವೆಚ್ಚವಾಗುತ್ತದೆ ಎಂದು ಅಳೆದು ನೋಡಿದಾಗ, ಬಹುಪಾಲು ಹೋಗುತ್ತಿದ್ದುದು ದೀಪಕ್ಕೂ ಅಲ್ಲ, ಪಂಪಿಗೂ ಅಲ್ಲ, ಅಡುಗೆಯ ಸೌದೆಗೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಹಳೆಯ ಒಲೆಯಲ್ಲಿ ಉರಿಯುವ ಸೌದೆಯ ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಮಿಕ್ಕದ್ದು ಹೊಗೆಯಾಗಿ ಅಡುಗೆ ಮಾಡುವವರ ಕಣ್ಣಿಗೆ, ಎದೆಗೆ. 1980ರ ದಶಕದ ಆರಂಭದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಈ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಮೂರು-ನಾಲ್ಕು ಪಟ್ಟಿಗೆ ಏರಿಸಿತು.

ನಮ್ಮ ಮನೆಗೆ ಆ ಒಲೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಕಟ್ಟುವಾಗ ಮಣ್ಣು ಕಲಸಿ ಕೊಟ್ಟವನು ನಾನೇ. ತರಬೇತಿ ಪಡೆದ ಗಾರೆ ಕೆಲಸದವರೊಬ್ಬರು ಅಳತೆಯ ಕಡ್ಡಿ ಹಿಡಿದು ಬಂದರು. ಬೆಂಕಿಯ ಗೂಡಿಗೆ ಕಬ್ಬಿಣದ ಜಾಲರಿ, ಗಾಳಿ ಅದರ ಕೆಳಗಿನಿಂದ ಬರಬೇಕು. ಬಿಸಿಗಾಳಿ ಮೊದಲ ಪಾತ್ರೆಯ ಅಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿದು ಕೊಳವೆಯಲ್ಲಿ ಹೊರಗೆ ಹೋಗಬೇಕು. ಮುಂದಿನ ಕಣ್ಣಿನಲ್ಲಿ ಮುದ್ದೆಯ ಎಸರು, ನಡುವಿನದರಲ್ಲಿ ಸಾರು, ಹಿಂದಿನದರಲ್ಲಿ ಸ್ನಾನಕ್ಕೋ ದನದ ಕಲಗಚ್ಚಿಗೋ ಬಿಸಿನೀರು. ಮೊದಲ ವಾರವೇ ಸೌದೆಯ ಹೊರೆ ಕರಗುವುದು ನಿಧಾನವಾಯಿತು. ಅಮ್ಮನ ಆಕ್ಷೇಪಣೆಗಳೂ ಅದೇ ವಾರ ಶುರುವಾದವು. ಒಂದು, ಹಳೆಯ ಒಲೆಗೆ ಇಡೀ ಕೊರಡನ್ನು ತಳ್ಳಿ ಬೇರೆ ಕೆಲಸಕ್ಕೆ ಹೋಗಬಹುದಿತ್ತು, ಇದಕ್ಕೆ ಸಣ್ಣ ಸೀಳುಗಳೇ ಬೇಕು, ‘ಸೌದೆ ಸೀಳೋರು ಯಾರು?’ ಎಂಬುದು. ಇನ್ನೊಂದನ್ನು ಯಾವ ವಿಜ್ಞಾನಿಯೂ ಊಹಿಸಿರಲಾರರು: ಅಡುಗೆಮನೆಯಲ್ಲಿ ಹೊಗೆಯಿಲ್ಲದ್ದರಿಂದ ಅಟ್ಟದ ಕೆಳಗೆ ತೂಗುಹಾಕಿದ್ದ ಜೋಳದ ತೆನೆಗೂ ಬಿತ್ತನೆಗೆ ಇಟ್ಟಿದ್ದ ಅವರೆಗೂ ಆ ವರ್ಷ ಹುಳ ಬಿತ್ತು. ಹೊಗೆ ಕಣ್ಣಿಗೆ ಶತ್ರುವಾಗಿದ್ದರೂ ಬೀಜಕ್ಕೆ ಕಾವಲುಗಾರನಾಗಿತ್ತು. ಅಮ್ಮ ಬೀಜವನ್ನು ಬೂದಿ ಬೆರೆಸಿ ಗುಡಾಣಕ್ಕೆ ವರ್ಗಾಯಿಸಿದರು, ಒಲೆಯನ್ನು ಮಾತ್ರ ಬಿಡಲಿಲ್ಲ.

ಮೂರನೆಯ ವರ್ಷ ಎರಡನೆಯ ಮತ್ತು ಮೂರನೆಯ ಕಣ್ಣುಗಳ ನಡುವಿನ ಮಣ್ಣಿನ ತಡೆ ಕುಸಿಯಿತು. ಮೊದಲು ಕಟ್ಟಿದವರು ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿಬಿಟ್ಟಿದ್ದರು. ಊರಿನ ಇನ್ನೊಬ್ಬ ಗಾರೆಯವರು ಬಂದು ತಮಗೆ ತಿಳಿದಂತೆ ಮೆತ್ತಿದರು. ಬಿಸಿಗಾಳಿಯ ದಾರಿ ಎರಡು ಬೆರಳು ಅಗಲವಾಯಿತು. ಅಷ್ಟೇ ಆದದ್ದು. ಶಾಖವೆಲ್ಲ ಪಾತ್ರೆಯನ್ನು ಸವರದೆ ನೆಟ್ಟಗೆ ಕೊಳವೆ ಹಿಡಿಯಿತು, ಹಿಂದಿನ ಕಣ್ಣಿನ ನೀರು ಉಗುರುಬೆಚ್ಚಗೂ ಆಗದಾಯಿತು, ಸೌದೆ ಮೊದಲಿನಂತೆಯೇ ಮುಗಿಯತೊಡಗಿತು. ನೋಡುವವರಿಗೆ ಅದು ಅಸ್ತ್ರ ಒಲೆ. ಕೆಲಸದಲ್ಲಿ ಕೊಳವೆ ಸಿಕ್ಕಿಸಿದ ಹಳೆಯ ಒಲೆ. ಎರಡು ಬೆರಳಿನ ವ್ಯತ್ಯಾಸ ಏನು ಮಾಡಬಲ್ಲದು ಎಂಬುದನ್ನು ನಾನು ಪೀಣ್ಯಕ್ಕೆ ಸೇರುವ ಮೊದಲು ಕಲಿತದ್ದು ಅಲ್ಲಿ.

ಒಲೆಯನ್ನು ಹರಡಲು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪಟ್ಟ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಗಾರೆಯವರಿಗೆ ತರಬೇತಿ ಕೊಟ್ಟದ್ದೇ ಆ ಕಾಲಕ್ಕೆ ದೊಡ್ಡ ಮುಂದಾಲೋಚನೆ. ಆದರೆ 1980ರ ದಶಕದ ಮಧ್ಯದಲ್ಲಿ ದೇಶಮಟ್ಟದ ಸುಧಾರಿತ ಒಲೆ ಯೋಜನೆ ಬಂದಾಗ, ಲೆಕ್ಕಕ್ಕೆ ಬಂದದ್ದು ಎಷ್ಟು ಒಲೆ ಕಟ್ಟಿದರು ಎಂಬ ಸಂಖ್ಯೆ. 2002ರಲ್ಲಿ ಆ ಯೋಜನೆ ನಿಲ್ಲುವಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳ ಲೆಕ್ಕ ಬರೆದಾಗಿತ್ತು. ಕಟ್ಟಿದ ಒಲೆಯ ಲೆಕ್ಕದಲ್ಲಿ ಮೂರನೆಯ ವರ್ಷ ಕುಸಿದ ನಮ್ಮ ಮನೆಯದೂ ಒಂದಾಗಿ ಸೇರಿರಬೇಕು.

ಇದೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅಸ್ತ್ರ ತಂಡದ ಇನ್ನೊಂದು ಪ್ರಯೋಗ ನಡೆಯಿತು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಗೋಬರ್ ಗ್ಯಾಸ್ ಮಾಡಿ, ಮನೆಮನೆಗೆ ಅಡುಗೆಗೆ ಕೊಡಬೇಕೆಂಬುದು ಮೊದಲ ಯೋಚನೆ. ಆದರೆ ಊರಿನ ದನಗಳ ಸಗಣಿ ಅಷ್ಟೂ ಮನೆಗಳ ಅಡುಗೆಗೆ ಸಾಲಲಿಲ್ಲ. ಅಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ಅವರು ಊರಿನವರನ್ನು ಕೂರಿಸಿ, ನಿಮಗೆ ಮೊದಲು ಬೇಕಾದದ್ದೇನು ಎಂದು ವಿಚಾರಿಸಿದರು. ಶುದ್ಧವಾದ ಕುಡಿಯುವ ನೀರು ಎಂಬ ಉತ್ತರ ಬಂತು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಡಲಾಯಿತು. ತಂದುಕೊಟ್ಟ ಸಗಣಿಗೆ ತೂಕದ ಲೆಕ್ಕದಲ್ಲಿ ಕಾಸು, ಗ್ಯಾಸು ಹೋದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ವಾಪಸು. ನಡೆಸುವವರು ಊರಿನದೇ ಯುವಕರು. ನಮ್ಮ ಒಲೆಗೂ ಪುರದ ಸ್ಥಾವರಕ್ಕೂ ಇದ್ದ ಅಂತರ ಇಲ್ಲಿದೆ: ಪುರದಲ್ಲಿ ಮೊದಲ ಲೆಕ್ಕ ತಪ್ಪಿದ ಮೇಲೂ ತಂಡ ಹಿಂತಿರುಗಿ ಬಂತು, ಕೆಟ್ಟರೆ ಕೈಹಾಕುವವರು ಊರಿನಲ್ಲೇ ಇದ್ದರು, ಅವರಿಗೆ ಅದಕ್ಕಾಗಿ ಸಂಬಳ ಸಿಗುತ್ತಿತ್ತು. ವರ್ಷಗಟ್ಟಲೆ ಅದು ನಡೆದದ್ದು ಅದರಿಂದ.

ಈಗ ಹಿಂದೆ ಬರುವವರೇ ಬೇಕಾಗದೆ ಗೆದ್ದ ಒಂದು ಸಂಶೋಧನೆಯ ಮಾತು. ನನ್ನ ತಂಗಿಯನ್ನು ಕೊಟ್ಟಿರುವುದು ಕೊಳ್ಳೇಗಾಲದ ಕಡೆಯ ರೇಷ್ಮೆ ಮನೆತನಕ್ಕೆ. ಎರಡು ಎಕರೆ ಹಿಪ್ಪುನೇರಳೆ, ವಿ-1 ತಳಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಕೊಡುಗೆ ಅದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಎಂಬ ರಸಹೀರುವ ಕೀಟ ಎರಡು ವರ್ಷಗಳಲ್ಲಿ ತಮಿಳುನಾಡಿನ ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತ ನಮ್ಮ ಗಡಿಯನ್ನೂ ದಾಟಿತು. ತಂಗಿಯ ಮನೆಗೆ ಹೋಗಿದ್ದಾಗ ಕಂಡ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುಡಿಯಿಂದ ಬುಡದವರೆಗೆ ಯಾರೋ ರವೆಹಿಟ್ಟು ಎರಚಿದಂತೆ ಬಿಳುಪು, ಎಲೆ ಮುದುಡಿ ಅಂಟಂಟು, ಅದರ ಮೇಲೆ ಕಪ್ಪು ಬೂಷ್ಟು, ಸಾಲುಸಾಲು ಇರುವೆ. ಹುಳು ಮನೆಯಲ್ಲಿ ನಾಲ್ಕನೆಯ ಜ್ವರ (ಪೊರೆ ಬಿಡುವ ಹಂತ) ಕಳೆದು ಎದ್ದಿದ್ದ ಹುಳು ಗಂಟೆಗಂಟೆಗೂ ಸೊಪ್ಪು ಬೇಡುತ್ತಿತ್ತು. ತೋಟಕ್ಕೆ ಔಷಧಿ ಹೊಡೆಯೋಣವೆಂದರೆ ಆ ಸೊಪ್ಪು ತಿಂದ ಹುಳುವೇ ಸಾಯುತ್ತದೆ. ಹೊಡೆದರೂ ತಿಗಣೆಯ ಮೈಮೇಲಿನ ಮೇಣದ ಹೊದಿಕೆ ಔಷಧಿಯನ್ನು ಒಳಗೆ ಬಿಡುವುದಿಲ್ಲ. ಕೊನೆಗೆ ಬೇರೆಯವರ ತೋಟದಿಂದ ಸೊಪ್ಪು ಕೊಂಡು ಬೆಳೆ ತೆಗೆದರು. ಗೂಡು ಮಾರಿ ಬಂದ ಹಣ ಸೊಪ್ಪಿನ ಸಾಲಕ್ಕೇ ಸರಿಹೋಯಿತು.

ಆ ತಿಗಣೆಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಸೀಮೆ. ಅಲ್ಲಿ ಅದು ಪಿಡುಗಾಗದಂತೆ ನೋಡಿಕೊಳ್ಳುವುದು ಒಂದು ಮಿಲಿಮೀಟರಿನಷ್ಟೂ ಇಲ್ಲದ ಕಣಜ ಎಂಬ ಹಾರುವ ಕೀಟ. ನಮ್ಮಲ್ಲಿಗೆ ತಿಗಣೆ ಬಂತು, ಅದರ ಬೆನ್ನಟ್ಟುವ ಕಣಜ ಬರಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಬಳಿ ಇರುವ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಕರೆಯುವ ಸರ್ಕಾರಿ ಸಂಸ್ಥೆ 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು; ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಮೊಳಕೆಯೊಡೆದ ಆಲೂಗಡ್ಡೆಯ ಮೇಲೆ ತಿಗಣೆ ಸಾಕಿ, ಆ ತಿಗಣೆಯ ಮೇಲೆ ಕಣಜ ಸಾಕಿ, ತೋಟಗಳಿಗೆ ಬಿಟ್ಟಿತು. ಅಸೆರೊಫೇಗಸ್ ಪಪಾಯೆ ಎಂಬ ಜಾತಿ ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ಹೆಣ್ಣು ಕಣಜ ಮರಿ ತಿಗಣೆಯೊಳಗೆ ಮೊಟ್ಟೆಯಿಡುತ್ತದೆ. ಒಳಗಿನ ಮರಿ ತಿಗಣೆಯನ್ನು ತಿಂದು ಬೆಳೆದು, ಒಣಗಿದ ಚಿಪ್ಪಿಗೆ ತೂತು ಕೊರೆದು ಹೊರಬಂದು, ಮುಂದಿನ ತಿಗಣೆಯನ್ನು ಹುಡುಕಿಕೊಂಡು ತಾನೇ ಹಾರುತ್ತದೆ. ತಂಗಿಯ ಮನೆಯವರ ತೋಟಕ್ಕೆ ಯಾರೂ ಬಂದು ಕಣಜ ಬಿಡಲಿಲ್ಲ. ಪಕ್ಕದ ಹಳ್ಳಿಯಲ್ಲಿ ಬಿಟ್ಟದ್ದೇ ಗಾಳಿಯಲ್ಲಿ ಬಂದಿರಬೇಕು. ಮರುವರ್ಷ ನಾನು ಹೋದಾಗ ಗಿಡದ ಕಣ್ಣುಗಳಲ್ಲಿ ಅಲ್ಲೊಂದು ಇಲ್ಲೊಂದು ತೂತುಬಿದ್ದ ಕಂದುಬಣ್ಣದ ತಿಗಣೆ ಚಿಪ್ಪು ಮಾತ್ರ ಉಳಿದಿತ್ತು. ‘ಮಳೆಗೆ ತೊಳ್ಕೊಂಡು ಹೋಯ್ತು ಕಣಣ್ಣ’ ಎಂದಳು ತಂಗಿ. ಹೆಬ್ಬಾಳದಲ್ಲಿ ಕುಳಿತವರು ಮಾಡಿದ ಕೆಲಸದ ಸುಳಿವು ಅವಳಿಗಿರಲಿಲ್ಲ, ಆಗ ನನಗೂ ಇರಲಿಲ್ಲ.

‘ಸರ್ಕಾರಿ ಪ್ರಯೋಗಾಲಯ ಯಾಕೆ, ಖಾಸಗಿಯವರೇ ಮಾಡಲಿ’ ಎನ್ನುವವರು ಈ ಕಣಜದ ಲೆಕ್ಕವನ್ನೊಮ್ಮೆ ನೋಡಬೇಕು. ತಿಗಣೆಗೆ ಔಷಧಿ ಮಾರುವ ಕಂಪನಿ ಪ್ರತಿ ಬೆಳೆಗೂ ಮಾರಬಹುದು. ಒಮ್ಮೆ ಬಿಟ್ಟರೆ ತಾನೇ ಮರಿಹಾಕಿ ಹಾರಿಹೋಗುವ, ಪಕ್ಕದ ತೋಟಕ್ಕೂ ಬಿಟ್ಟಿಯಾಗಿ ಸೇವೆ ಸಲ್ಲಿಸುವ ಜೀವಿಯನ್ನು ಯಾವ ಕಂಪನಿ ಎರಡನೆಯ ಸಲ ಮಾರೀತು? ಲಾಭ ಎಲ್ಲರಿಗೂ ಹಂಚಿಹೋಗುವ ಕೆಲಸಕ್ಕೆ ಬಂಡವಾಳ ಹೂಡುವವರು ಸಿಗುವುದಿಲ್ಲ; ಸಿಗಬೇಕೆಂದು ಬಯಸುವುದೂ ನ್ಯಾಯವಲ್ಲ. ಅದು ಸರ್ಕಾರದ ಬೊಕ್ಕಸದಿಂದಲೇ ಆಗಬೇಕಾದ ಕೆಲಸ. ರಾಗಿಯದೂ ಇದೇ ಕಥೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಕೊಟ್ಟ ಇಂಡಾಫ್ ತಳಿಗಳಾಗಲಿ, ಬೆಂಕಿರೋಗಕ್ಕೆ ಬಗ್ಗದ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ಆಗಲಿ, ಜಾಹೀರಾತಿನಿಂದ ಹರಡಿದವಲ್ಲ. ಒಬ್ಬರ ಕಣದಲ್ಲಿ ರಾಶಿ ಕಂಡವರು ಮುಂದಿನ ಮುಂಗಾರಿಗೆ ನಾಲ್ಕು ಸೇರು ಬೀಜ ಕಡ ತಂದರು, ಮುಗಿಯಿತು.

ಇಷ್ಟು ಹೇಳಿದ ಮೇಲೆ ನನ್ನ ಕಾರಣ ಸ್ಪಷ್ಟವಾಗಿರಬಹುದು. ಬೀಜ, ಹಿಪ್ಪುನೇರಳೆಯ ನೆಡುವ ಕಡ್ಡಿ, ಕಣಜದಂತೆ ತಾನೇ ಬೆಳೆಯುವ ವಸ್ತುವಾದರೆ ಪ್ರಯೋಗಾಲಯದ ಬಾಗಿಲು ದಾಟಿಸಿದರೂ ಸಾಕು, ಅದು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಒಲೆ, ಎಂಜಿನ್, ಯಂತ್ರದಂತೆ ಸವೆಯುವ ವಸ್ತುವಾದರೆ ಅದರ ಹಿಂದೆ ಒಬ್ಬ ಮನುಷ್ಯ ಹೋಗಬೇಕು, ಒಮ್ಮೆಯಲ್ಲ, ನಾಲ್ಕಾರು ಸಲ. ನಮ್ಮ ಸಂಶೋಧನಾ ವ್ಯವಸ್ಥೆ ಇವೆರಡಕ್ಕೂ ಒಂದೇ ಬಗೆಯಲ್ಲಿ ಹಣ ಕೊಡುತ್ತದೆ: ಹೆರಿಗೆಯ ಖರ್ಚು ಪೂರ್ತಿ, ಬಾಣಂತನಕ್ಕೆ ಏನೂ ಇಲ್ಲ.

ಕೈಗಾರಿಕೆಯ ಮಾತಿಗೆ ಬಂದರೆ, ದೊಡ್ಡ ಸಂಸ್ಥೆಯೊಂದು ಆ ತುದಿಯಲ್ಲಿ ಕೈಚಾಚಿ ನಿಂತಿದ್ದಾಗ ಬಾಣಂತನ ತಾನಾಗಿಯೇ ನಡೆದಿದೆ. ಮೊದಲ ಮಹಾಯುದ್ಧ ಬಂದು ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಇಲ್ಲೇ ರಾಶಿಬಿದ್ದಾಗ, ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರು ಎಣ್ಣೆ ಇಳಿಸುವ ವಿಧಾನವನ್ನು ಇಲ್ಲಿಯೇ ಕುದುರಿಸಿಕೊಟ್ಟರು. 1916ರ ಹೊತ್ತಿಗೆ ಸಂಸ್ಥಾನವೇ ಕಾರ್ಖಾನೆ ತೆರೆಯಿತು, ಅದರ ಬೆನ್ನಿಗೆ ಸಾಬೂನೂ ಬಂತು. ಎಮ್ಮೆ ಹಾಲಿನಿಂದ ಮಕ್ಕಳ ಪುಡಿ ಆಹಾರ ಮಾಡುವ ವಿಧಾನವನ್ನು 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಂಡುಹಿಡಿದಾಗ, ಅದನ್ನು ಎತ್ತಿಕೊಳ್ಳಲು ಗುಜರಾತಿನ ಆನಂದ್ ಪಟ್ಟಣದ ಹಾಲು ಒಕ್ಕೂಟ ಸಿದ್ಧವಿತ್ತು. ಮತ ಹಾಕಿದವರ ಬೆರಳಿಗೆ 1962ರಿಂದ ಹಚ್ಚುತ್ತಿರುವ ಅಳಿಸಲಾಗದ ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ತಯಾರಿಕೆ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯದ್ದು. ನಮ್ಮ ಪೀಣ್ಯದಂಥ ಕಡೆ ಉಪಕಾರ ಇನ್ನೂ ಸದ್ದಿಲ್ಲದ ಬಗೆಯದು. ತುಮಕೂರು ರಸ್ತೆಯಲ್ಲಿ 1962ರಿಂದಲೂ ಇರುವ, ಯಂತ್ರೋಪಕರಣಗಳ ಸರ್ಕಾರಿ ಸಂಸ್ಥೆ ಸಿಎಂಟಿಐಗೆ, ಅಳತೆಗೆ ಮಾದರಿಯಾದ ಉಕ್ಕಿನ ತುಂಡುಗಳಾದ ನಮ್ಮ ಸ್ಲಿಪ್ ಗೇಜುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ಸ್ಕೂಟರಿನಲ್ಲಿ ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡು, ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ತರಲು ಹೋಗುತ್ತಿದ್ದೆವು. ನಮ್ಮ ಅಳತೆ ಸರಿ ಎಂದು ಹೇಳುವ ಒಂದು ಸಾರ್ವಜನಿಕ ಸಂಸ್ಥೆ ಹತ್ತಿರದಲ್ಲಿ ಇಲ್ಲದಿದ್ದರೆ ಹತ್ತು ಜನರ ಕಾರ್ಖಾನೆಯ ಮಾತನ್ನು ದೊಡ್ಡ ಗಿರಾಕಿ ನಂಬುತ್ತಿರಲಿಲ್ಲ.

ತೊಂದರೆ ಇರುವುದು ಇವೆರಡರ ನಡುವೆ, ಹಳ್ಳಿಗೆ ಬೇಕಾದ ಯಂತ್ರವನ್ನು ಸಣ್ಣ ಕಾರ್ಖಾನೆ ಮಾಡಿಕೊಡಬೇಕಾದ ಜಾಗದಲ್ಲಿ. ಅದನ್ನೊಮ್ಮೆ ಅನುಭವಿಸಿದ್ದೇನೆ. ಯಾರ ಹೆಸರನ್ನೂ ಹೇಳುವ ಉದ್ದೇಶ ನನ್ನದಲ್ಲ. ಸಾರ್ವಜನಿಕ ಹಣದ ಸಂಸ್ಥೆಯೊಂದು ರೂಪಿಸಿದ್ದ ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರದ ತಯಾರಿಕೆಯ ಹಕ್ಕನ್ನು ನಮ್ಮ ಮಾಲೀಕರು ಶುಲ್ಕ ಕಟ್ಟಿ ಪಡೆದರು. ತುಮಕೂರು ಕಡೆಯ ಹೆಣ್ಣುಮಕ್ಕಳು ಬೇಸಿಗೆಯುದ್ದಕ್ಕೂ ಕೂತು ಕೊಡತಿಯಲ್ಲಿ ಬಡಿದು ಬೀಜ ಬಿಡಿಸುವುದನ್ನು ನೋಡಿ ಬೆಳೆದ ನನಗಂತೂ ಉತ್ಸಾಹವೋ ಉತ್ಸಾಹ. ಕೈಗೆ ಬಂದ ಡ್ರಾಯಿಂಗುಗಳಲ್ಲಿ ಮುಖ್ಯ ಉರುಳೆಗೂ ಜರಡಿಗೂ ನಡುವಿನ ಸಂದು ಎಷ್ಟಿರಬೇಕು ಎಂಬುದೇ ಇರಲಿಲ್ಲ. ‘ಹಣ್ಣಿನ ಗಾತ್ರಕ್ಕೆ ತಕ್ಕಂತೆ’ ಎಂದು ಬರೆದಿತ್ತು. ಕೇಳಲು ಹೋದರೆ ಯಂತ್ರ ರೂಪಿಸಿದವರು ಆ ವರ್ಷವೇ ನಿವೃತ್ತರಾಗಿದ್ದರು, ಯೋಜನೆಯ ಅವಧಿ ಮುಗಿದು ಕಡತ ಮುಚ್ಚಿತ್ತು. ನಾವೇ ಊಹಿಸಿ, ತಿದ್ದಿ, ಮೂರು ಯಂತ್ರ ಮಾಡಿ ಒಂದು ಮಹಿಳಾ ಸಂಘಕ್ಕೆ ಕೊಟ್ಟೆವು.

ಮಾರ್ಚಿನಲ್ಲಿ ಅದು ಚೆನ್ನಾಗಿ ಓಡಿತು. ಮೇ ತಿಂಗಳಲ್ಲಿ ಒಂದು ಮಳೆ ಬಿತ್ತು. ಹಣ್ಣು ತೇವ ಎಳೆದುಕೊಂಡು ಮೆತ್ತಗಾಗಿ ಉರುಳೆಗೆ ಹಲ್ವದಂತೆ ಮೆತ್ತಿಕೊಂಡಿತು. ಜತೆಗೆ ಸಂಜೆಯ ಹೊತ್ತು ಊರಿನ ಕರೆಂಟು 170 ವೋಲ್ಟಿಗೆ ಇಳಿಯುತ್ತಿತ್ತು; ಅಂಟಿಕೊಂಡ ಉರುಳೆಯನ್ನು ಎಳೆಯಲಾರದೆ ಮೋಟಾರು ಸುಟ್ಟಿತು. ರಿವೈಂಡಿಂಗ್ ಮಾಡಿಸಿಕೊಟ್ಟೆವು, ಮತ್ತೆ ಸುಟ್ಟಿತು. ಸಂಘದ ಅಧ್ಯಕ್ಷೆ ಹೇಳಿದ ಮಾತು ಇದು: ‘ಸಾರ್, ನಿಮ್ಮ ಮಿಷಿನ್ನು ಚೆನ್ನಾಗೈತೆ, ಆದ್ರೆ ಕೊಡತಿ ಸುಟ್ಟೋಗಲ್ಲ.’ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ‘ತಂತ್ರಜ್ಞಾನ ವರ್ಗಾವಣೆ ಪೂರ್ಣಗೊಂಡಿದೆ’ ಎಂಬ ಸಾಲಿನಲ್ಲಿ ನಮ್ಮ ಕಾರ್ಖಾನೆಯ ಹೆಸರು ಅಚ್ಚಾಗಿತ್ತು. ವರದಿಯ ಪ್ರಕಾರ ಅದು ನಿಜವೂ ಹೌದು. ಹಣ್ಣನ್ನು ಒಂದು ಗಂಟೆ ಬಿಸಿಲಿಗೋ ಹದವಾದ ಬಿಸಿಗಾಳಿಗೋ ಒಡ್ಡಿ ಒಣಗಿಸಿ ಹಾಕಿದ್ದರೆ, ಮೋಟಾರಿಗೆ ಒಂದು ರಕ್ಷಣಾ ಸ್ವಿಚ್ ಇಟ್ಟಿದ್ದರೆ ಬಹುಶಃ ಯಂತ್ರ ಉಳಿಯುತ್ತಿತ್ತು. ಇಷ್ಟನ್ನು ಕಂಡುಕೊಳ್ಳಲು ದೊಡ್ಡ ವಿಜ್ಞಾನ ಬೇಕಾಗಿರಲಿಲ್ಲ. ಮೇ ತಿಂಗಳಿನಲ್ಲಿ ಆ ಊರಿನಲ್ಲಿ ಎರಡು ದಿನ ಇರಲು ಯಾರಿಗಾದರೂ ಪ್ರಯಾಣ ಭತ್ಯೆ ಬೇಕಾಗಿತ್ತು. ಯೋಜನೆ ಮುಗಿದ ಮೇಲೆ ಭತ್ಯೆ ಕೊಡುವ ತಲೆಬರಹ ಯಾವ ಸರ್ಕಾರಿ ಖಾತೆಯಲ್ಲೂ ಇರಲಿಲ್ಲ.

ವಿಜ್ಞಾನಿಗಳನ್ನು ದೂರಿ ಪ್ರಯೋಜನವಿಲ್ಲ. ಅವರ ಬಡ್ತಿಗೆ ಪ್ರಬಂಧ, ಪೇಟೆಂಟು ಎಣಿಕೆಗೆ ಬರುತ್ತವೆ. ಐದು ವರ್ಷದ ಹಿಂದಿನ ಯಂತ್ರ ಈಗಲೂ ಓಡುತ್ತಿದೆಯೇ ಎಂಬುದು ಬರುವುದಿಲ್ಲ. ಎಣಿಸದ್ದನ್ನು ಮಾಡು ಎಂದರೆ ಯಾರು ಮಾಡುತ್ತಾರೆ? ನಗರದವರಾದ ನಮ್ಮದೂ ಅದೇ ಜಾಯಮಾನ. ಮಳೆನೀರು ಸಂಗ್ರಹಕ್ಕೆಂದು ಒಲೆ ಹರಡಿದ ರಾಜ್ಯ ವಿಜ್ಞಾನ ಮಂಡಳಿಯೇ ಸರಳವಾದ ವಿಧಾನಗಳನ್ನು ರೂಪಿಸಿಕೊಟ್ಟಿದೆ, 2009ರಿಂದ ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಅದು ಕಡ್ಡಾಯವೂ ಆಗಿದೆ. ರಾಜಾಜಿನಗರದ ನಮ್ಮ ಮನೆಯ ಫಿಲ್ಟರನ್ನು ನಾನು ಎರಡು ವರ್ಷದಿಂದ ತೊಳೆದಿಲ್ಲ. ಹಾಕಿಸಿದ್ದಕ್ಕೆ ರಸೀದಿ ಇದೆ, ತೊಳೆದದ್ದನ್ನು ಯಾರೂ ಕೇಳುವುದಿಲ್ಲ.

ಹಣದ ಬಗ್ಗೆ ಎರಡು ಮಾತು. ನಮ್ಮ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡುವ ಒಟ್ಟು ವೆಚ್ಚ 2020-21ರ ಲೆಕ್ಕದಂತೆ ಒಟ್ಟು ಆಂತರಿಕ ಉತ್ಪನ್ನದ ಶೇ 0.64. ಚೀನಾ ಶೇ 2ಕ್ಕೂ ಹೆಚ್ಚು, ದಕ್ಷಿಣ ಕೊರಿಯಾ ಶೇ 4ಕ್ಕೂ ಹೆಚ್ಚು ವೆಚ್ಚ ಮಾಡುತ್ತವೆ. ಆದ್ದರಿಂದ ಇರುವುದನ್ನು ಕಡಿತ ಮಾಡಿ ಎನ್ನುವ ಓದುಗರ ಪಕ್ಷ ನನ್ನದಲ್ಲ. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. 2025ರಲ್ಲಿ ಖಾಸಗಿ ವಲಯದ ಸಂಶೋಧನೆಗೆಂದು ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಸಂತೋಷ. ಆದರೆ ಅದು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದಂಥ ರೂಪದಲ್ಲಿ, ಹಿಂದಿರುಗಿ ಆದಾಯ ಬರುವ ಉದ್ಯಮಗಳಿಗೆ ಹೋಗುವ ಹಣ. ಹುಣಸೆಹಣ್ಣಿನ ಯಂತ್ರವಾಗಲಿ ತಿಗಣೆಯ ಕಣಜವಾಗಲಿ ಆ ಸಾಲಿನಲ್ಲಿ ನಿಲ್ಲಲಾರವು.

ಹಳ್ಳಿಗೆಂದು ರೂಪಿಸಿದ ತಂತ್ರಜ್ಞಾನ ಹಳ್ಳಿಯಲ್ಲಿ ನಿಲ್ಲದೆ ಪೇಟೆ ಸೇರಿದ ವಿಚಿತ್ರವೂ ಇದೆ. ಅದೇ ಅಸ್ತ್ರ ತಂಡದ ಸುಡದ ಮಣ್ಣಿನ ಇಟ್ಟಿಗೆಯನ್ನು ನೋಡಿ. ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಭಟ್ಟಿಗೆ ಸೌದೆ ಸುಡದೆ ಮಾಡುವ ಈ ಇಟ್ಟಿಗೆ ಬಡವರ ಮನೆಗೆಂದು ಹುಟ್ಟಿದ್ದು. ಈಗ ಅದನ್ನು ಗಿಲಾವು ಮಾಡದೆ ಬಿಟ್ಟು ಚೆಂದ ನೋಡುವವರು ಬೆಂಗಳೂರಿನ ಅನುಕೂಲಸ್ಥರು. ನಮ್ಮೂರಿನಲ್ಲಿ ಮಣ್ಣಿನ ಮನೆ ಎಂದರೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುತ್ತಾರೆ. ಇಲ್ಲಿ ಅದನ್ನು ಕಟ್ಟಲು ಪಳಗಿದ ವಾಸ್ತುಶಿಲ್ಪಿಗಳೂ ಮೇಸ್ತ್ರಿಗಳೂ ಇದ್ದಾರೆ, ಕೆಟ್ಟರೆ ಫೋನು ಮಾಡಿ ಕರೆಸಿಕೊಳ್ಳಬಹುದು ಎಂಬುದೇ ಅದರ ಉಳಿವಿಗೆ ಕಾರಣ ಎಂದು ನನ್ನ ಎಣಿಕೆ.

ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ವಿಜ್ಞಾನ ಇಲಾಖೆಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುವುದಿಷ್ಟು. ಹಳ್ಳಿಗೆ ಅಥವಾ ಸಣ್ಣ ಕೈಗಾರಿಕೆಗೆ ಎಂದು ಮಂಜೂರಾಗುವ ಪ್ರತಿ ಸಂಶೋಧನಾ ಯೋಜನೆಯಲ್ಲಿ, ಯಂತ್ರವನ್ನು ಹಸ್ತಾಂತರಿಸಿದ ದಿನದಿಂದ ಮುಂದಿನ ಮೂರು ವರ್ಷಗಳಿಗೆ ಒಬ್ಬ ತಂತ್ರಜ್ಞನ ಸಂಬಳ, ಓಡಾಟದ ಖರ್ಚು ಮತ್ತು ಬಿಡಿಭಾಗಗಳ ಹಣವನ್ನು ಮೊದಲೇ ಬೇರೆಯಾಗಿ ತೆಗೆದಿಡಬೇಕು, ಅದನ್ನು ಬೇರೆ ಯಾವುದಕ್ಕೂ ಬಳಸಬಾರದು. ಐಟಿಐ ಕಲಿತ ಹುಡುಗ ಹುಡುಗಿಯರು ತಾಲ್ಲೂಕಿಗೆ ನೂರಾರು ಮಂದಿ ಕೆಲಸವಿಲ್ಲದೆ ಇದ್ದಾರೆ. ಈ ಕೆಲಸಕ್ಕೆ ಬೇರೆ ಊರಿನಿಂದ ಯಾರನ್ನೂ ಕರೆತರಬೇಕಾಗಿಲ್ಲ. ಡ್ರಾಯಿಂಗಿನ ಟಿಪ್ಪಣಿ, ಬಳಕೆಯ ಕೈಪಿಡಿ, ಕೆಟ್ಟರೆ ಏನು ಮಾಡಬೇಕು ಎಂಬ ಹಾಳೆ ಕನ್ನಡದಲ್ಲಿ ಇರಬೇಕು, ಅದೂ ನಿಘಂಟಿನಿಂದ ಎತ್ತಿ ಪೋಣಿಸಿದ ಕನ್ನಡದಲ್ಲಲ್ಲ. ಬೇರಿಂಗಿಗೆ ಬೇರಿಂಗ್ ಎಂದೇ ಬರೆಯಲಿ, ಬೆಲ್ಟಿಗೆ ಬೆಲ್ಟ್ ಎಂದೇ ಬರೆಯಲಿ. ‘ಘರ್ಷಣನಿರೋಧಕ ಆಧಾರಕ’ ಎಂದು ಬರೆದ ಹಾಳೆಯನ್ನು ನಾನು ಕಂಡಿದ್ದೇನೆ. ಅದನ್ನು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೆ ಪೂಜಾ ಸಾಮಾನಿನ ಅಂಗಡಿಗೆ ದಾರಿ ತೋರಿಸಿಯಾರು. ಇನ್ನು ಓಡದೆ ನಿಂತವುಗಳ ಪಟ್ಟಿಯನ್ನೂ ಸಂಸ್ಥೆಗಳು ಪ್ರಕಟಿಸಬೇಕು. ಹುಣಸೆಯಲ್ಲಿ ನಾವು ಎಡವಿದ ಜಾಗ ಇನ್ನೊಂದು ಕಾರ್ಖಾನೆಗೆ ಮೊದಲೇ ತಿಳಿದಿದ್ದರೆ ಅವರ ಮೋಟಾರಾದರೂ ಉಳಿಯುತ್ತಿತ್ತು.

ಪ್ರತಿ ವರ್ಷ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ನಾನು ತಪ್ಪದೆ ಹೋಗುತ್ತೇನೆ. ಹೊಸ ಬಣ್ಣ ಬಳಿದ ಯಂತ್ರಗಳ ಮಳಿಗೆಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಸರ್ಕಾರಿ ಸಂಸ್ಥೆಗಳಾದರೂ ತಮ್ಮ ಮಳಿಗೆಯಲ್ಲಿ ಹೊಸ ಯಂತ್ರದ ಪಕ್ಕದಲ್ಲೇ, ಐದು ವರ್ಷ ಹಿಂದೆ ಇದೇ ಮೇಳದಲ್ಲಿ ತೋರಿಸಿ ಹಳ್ಳಿಗೆ ಕೊಟ್ಟ ಒಂದು ಯಂತ್ರವನ್ನು ಲಾರಿಯಲ್ಲಿ ತರಿಸಿ ನಿಲ್ಲಿಸಲಿ. ಓಡುತ್ತಿದ್ದರೆ ಓಡಿಸಿ ತೋರಿಸಲಿ, ಕೆಟ್ಟಿದ್ದರೆ ಕೆಟ್ಟ ಹಾಗೆಯೇ ಇಡಲಿ. ಅದನ್ನು ಬಳಸಿದ ರೈತರನ್ನೋ ಸಂಘದ ಹೆಣ್ಣುಮಕ್ಕಳನ್ನೋ ಅದರ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಲಿ. ಬಂದವರು ಪ್ರಶ್ನೆಗಳನ್ನು ಅವರನ್ನೇ ಕೇಳುತ್ತಾರೆ.

ಇತಿ,
ನಿವೃತ್ತ ಟೂಲ್‌ರೂಮ್ ಮೇಲ್ವಿಚಾರಕ,
ರಾಜಾಜಿನಗರ, ಬೆಂಗಳೂರು